ನೋಟಕ್ಕೆ ಮಾರಿಹೋದ ಮರಳುನೆಲ

ಇಂಗ್ಲೆಂಡಿನ ಲ್ಯಾಂಕಷೈರ್ ಕರಾವಳಿಯಲ್ಲಿ ರಾಯಲ್ ಲಿಥಮ್ ಅಂಡ್ ಸೇಂಟ್ ಆನ್ಸ್ ಎಂಬ ಗಾಲ್ಫ್ ಮೈದಾನವಿದೆ. ಗಾಲ್ಫಿನ ಅತ್ಯಂತ ಹಳೆಯ ದೊಡ್ಡ ಪಂದ್ಯಾವಳಿಯಾದ ಓಪನ್ ಚಾಂಪಿಯನ್‌ಷಿಪ್ 1926ರಿಂದ 2012ರವರೆಗೆ ಅಲ್ಲಿ 11 ಸಲ ನಡೆದಿದೆ. ಸ್ಪೇನಿನ ಸೆವೆ ಬಲೆಸ್ಟೆರೋಸ್ ಅಲ್ಲಿ ಎರಡು ಸಲ ಗೆದ್ದರು. ಆದರೆ ಅಲ್ಲಿ ನಿಂತರೆ ಕಡಲು ಕಾಣುವುದಿಲ್ಲ. ಒಂದು ಬದಿಗೆ ರೈಲುಹಳಿ, ಸುತ್ತಮುತ್ತ ಕೆಂಪು ಇಟ್ಟಿಗೆಯ ಮನೆಗಳು, ನಡುವೆ ಗಾಳಿ ಹೊಡೆತಕ್ಕೆ ಸಿಕ್ಕ ಒಣ ಹುಲ್ಲಿನ ನೆಲ. ಪ್ರವಾಸಿ ಕ್ಯಾಲೆಂಡರಿಗೆ ಒಂದು ಚಿತ್ರವೂ ಸುಲಭಕ್ಕೆ ಸಿಗದ ಜಾಗ. ಆದರೂ ಜಗತ್ತಿನ ಅತಿ ಕಠಿಣ, ಅತಿ ಸೊಗಸಾದ ಕರಾವಳಿ ಮೈದಾನಗಳನ್ನು ಪಟ್ಟಿ ಮಾಡಲು ಕುಳಿತವರು ಅದನ್ನು ಬಿಟ್ಟು ಮುಂದೆ ಹೋಗಲಾರರು.

ಇದು ಹೇಗೆ ಸಾಧ್ಯ ಎಂಬ ಪ್ರಶ್ನೆಯನ್ನು ಇಂದಿನ ಗಾಲ್ಫ್ ಲೋಕ ಕೇಳಿಕೊಳ್ಳುವುದನ್ನೇ ಬಿಟ್ಟಿದೆ. ಈಗ ಎಲ್ಲೆಲ್ಲೂ ನೆಲೆಯೂರಿರುವ ನಂಬಿಕೆ ಬೇರೆಯದು. ಕರಾವಳಿ ಗಾಲ್ಫ್ ಅಂದರೆ ನೋಟ: ಕೆಳಗೆ ಬಂಡೆಗೆ ಬಡಿಯುವ ಅಲೆ, ಮೇಲೆ ಪಚ್ಚೆ ಹಾಸು, ಹಿನ್ನೆಲೆಗೆ ದೀಪಸ್ತಂಭ, ಸಾಧ್ಯವಾದರೆ ಸೂರ್ಯಾಸ್ತ. ಪ್ರವಾಸಿ ಕಂಪನಿಗಳು ಮಾರುವುದು ಇದನ್ನೇ, ಡ್ರೋನ್ ಕ್ಯಾಮೆರಾ ತೋರಿಸುವುದು ಇದನ್ನೇ. ಅಮೆರಿಕದ ಗಾಲ್ಫ್ ಡೈಜೆಸ್ಟ್ ಪತ್ರಿಕೆ ಮೈದಾನಗಳಿಗೆ ಶ್ರೇಯಾಂಕ ಕೊಡುವಾಗ ಸೌಂದರ್ಯವನ್ನೂ ಒಂದು ಅಳತೆಗೋಲಾಗಿ ಇಟ್ಟುಕೊಂಡಿದೆ. ಬೆಂಗಳೂರಿನ ಹೊರವಲಯದ ಅಪಾರ್ಟ್‌ಮೆಂಟ್ ಜಾಹೀರಾತುಗಳಲ್ಲಿ ‘ಗಾಲ್ಫ್ ವ್ಯೂ’ ಎಂಬ ಮಾತಿಗೆ ಬೆಲೆ ಬಂದದ್ದೂ ಇದೇ ನಂಬಿಕೆಯ ಬಲದಿಂದ. ಗಾಲ್ಫನ್ನು ಆಡಬೇಕಾಗಿಲ್ಲ, ಕಿಟಕಿಯಿಂದ ನೋಡಿದರೂ ಸಾಕು ಎಂಬಲ್ಲಿಗೆ ವಿಷಯ ಬಂದು ನಿಂತಿದೆ.

ಈ ನಂಬಿಕೆ ತಪ್ಪು. ರುಚಿಭೇದ ಎಂದು ಬಿಟ್ಟುಬಿಡುವಂಥ ತಪ್ಪೂ ಅಲ್ಲ. ಅದು ಆಟವನ್ನು ಕೆಡಿಸಿದೆ, ಸಾಮಾನ್ಯರನ್ನು ಆಟದಿಂದ ದೂರ ಮಾಡಿದೆ, ಕೊನೆಗೆ ಕಡಲತಡಿಯ ಮರಳುದಿಬ್ಬಗಳನ್ನೇ ನುಂಗಲು ಹೊರಟಿದೆ.

ಲಿಂಕ್ಸ್ ಎನ್ನುವ ಈ ನೆಲ ಹುಟ್ಟಿದ್ದು ಹೇಗೆಂಬುದನ್ನು ನೋಡಿದರೆ ವಾದದ ಅರ್ಧ ಅಲ್ಲೇ ಮುಗಿಯುತ್ತದೆ. ಹಿಮಯುಗ ಕಳೆದ ಮೇಲೆ ಮಂಜುಗಡ್ಡೆಯ ಭಾರ ಇಳಿದ ಸ್ಕಾಟ್ಲೆಂಡಿನ ನೆಲ ನಿಧಾನವಾಗಿ ಮೇಲೆದ್ದಿತು, ಕಡಲು ಹಿಂದೆ ಸರಿಯಿತು. ಹಿಂದೆ ಉಳಿದ ಮರಳನ್ನು ಗಾಳಿ ದಿಬ್ಬ, ಹಳ್ಳ, ತಿರುವುಗಳಾಗಿ ರಾಶಿ ಹಾಕಿತು. ಆ ಮರಳಿನ ಮೇಲೆ ಬೇರು ಬಿಟ್ಟಿದ್ದು ಫೆಸ್ಕ್ಯೂ, ಬೆಂಟ್ ಎಂಬ ಸಣ್ಣ ಎಸಳಿನ, ಬಡ ನೆಲಕ್ಕೆ ಒಗ್ಗಿದ ಹುಲ್ಲು. ಉಳುಮೆಗೆ ಬಾರದ ನೆಲವಾದ್ದರಿಂದ ಊರಿನವರು ಕುರಿ ಮೇಯಿಸಲು, ಬಲೆ ಒಣಗಿಸಲು, ಬಟ್ಟೆ ಹರವಲು, ಚೆಂಡು ಹೊಡೆಯಲು ಅದನ್ನು ಬಳಸಿದರು. ನಮ್ಮ ಹಳ್ಳಿಗಳ ಗೋಮಾಳವನ್ನು ನೆನೆದರೆ ಅದರ ಸ್ವಭಾವ ಕಣ್ಣಿಗೆ ಕಟ್ಟುತ್ತದೆ. ಗಾಳಿಗೆ ಬೆನ್ನು ಕೊಟ್ಟು ಕುರಿಗಳು ಮಲಗುತ್ತಿದ್ದ ತಗ್ಗುಗಳೇ ಸವೆದು ಮುಂದೆ ಬಂಕರ್ ಎಂಬ ಮರಳುಗುಂಡಿಗಳಾದವು ಎಂದು ಹೇಳುವುದುಂಟು. ನೋಟಕ್ಕಾಗಿ ಆ ಜಾಗವನ್ನು ಯಾರೂ ಆರಿಸಲಿಲ್ಲ. ಮಳೆ ಬಿದ್ದ ಅರ್ಧ ಗಂಟೆಯಲ್ಲಿ ನೀರು ಇಂಗಿ ಕಾಲಿಗೆ ಗಟ್ಟಿ ನೆಲ ಸಿಗುತ್ತಿತ್ತು, ಚೆಂಡು ಉರುಳುತ್ತಿತ್ತು. ಅಷ್ಟೇ ಕಾರಣ.

ಉರುಳುವುದು ಎಂಬುದರಲ್ಲೇ ಈ ಆಟದ ಜೀವವಿದೆ. ನೀರುಣಿಸಿ ಮೆತ್ತಗೆ ಮಾಡಿದ ಒಳನಾಡಿನ ಮೈದಾನದಲ್ಲಿ ಚೆಂಡನ್ನು ಎತ್ತರಕ್ಕೆ ಹೊಡೆದರೆ ಬಿದ್ದಲ್ಲೇ ನಿಲ್ಲುತ್ತದೆ. ಲಿಂಕ್ಸಿನಲ್ಲಿ ಚೆಂಡು ನೆಲಕ್ಕೆ ತಾಗಿದ ಮೇಲೆ ಎರಡನೆಯ ಪ್ರಯಾಣ ಶುರುವಾಗುತ್ತದೆ. ಇಳಿಜಾರು ಯಾವ ಕಡೆಗೆ, ಗಾಳಿ ಎಷ್ಟು ತಳ್ಳೀತು, ಮುಂದಿನ ಉಬ್ಬು ಚೆಂಡನ್ನು ಎತ್ತ ಒಗೆದೀತು ಎಂಬುದನ್ನು ಆಟಗಾರ ಮೊದಲೇ ಲೆಕ್ಕ ಹಾಕಬೇಕು. ಅಂದರೆ ಅವನ ಕಣ್ಣು ನೆಲದ ಮೇಲಿರಬೇಕು. ದಿಗಂತ ನೋಡುತ್ತ ನಿಂತವನಿಗೆ ಅಲ್ಲಿ ಕಲಿಯಲು ಏನೂ ಸಿಗುವುದಿಲ್ಲ.

1995ರ ಓಪನ್ ಸ್ಕಾಟ್ಲೆಂಡಿನ ಸೇಂಟ್ ಆ್ಯಂಡ್ರೂಸ್ ಪಟ್ಟಣದ ಓಲ್ಡ್ ಕೋರ್ಸಿನಲ್ಲಿ ನಡೆಯಿತು. ಕೊನೆಯ ದಿನ, ಕೊನೆಯ ಹೋಲ್. ಇಟಲಿಯ ಕೊಸ್ಟಾಂಟಿನೋ ರೊಕ್ಕ, ಗುಳಿಯ ಸುತ್ತಲಿನ ನುಣುಪು ಹುಲ್ಲುಹಾಸಾದ ಗ್ರೀನಿನ ಹತ್ತಿರದಿಂದ ಹೊಡೆದ ಚಿಪ್ ಎಂಬ ಕಿರು ಹೊಡೆತ ಕೆಟ್ಟು, ಚೆಂಡು ಗ್ರೀನಿನ ಮುಂದಿರುವ ‘ವ್ಯಾಲಿ ಆಫ್ ಸಿನ್’ ಎಂಬ ತಗ್ಗಿಗೆ ಜಾರಿ ನಿಂತಿತು. ಗೆಲ್ಲುವ ಆಸೆ ಬಹುತೇಕ ಮುಗಿದಂತೆಯೇ ಇತ್ತು. ಅವರು ಚೆಂಡನ್ನು ಉರುಳಿಸುವ ಕೋಲಾದ ಪಟರ್ ಕೈಗೆತ್ತಿಕೊಂಡರು. ಚೆಂಡು ತಗ್ಗಿನ ಗೋಡೆಯನ್ನು ಹತ್ತಿ, ದಿಣ್ಣೆ ದಾಟಿ, ಅರವತ್ತಕ್ಕೂ ಹೆಚ್ಚು ಅಡಿ ಉರುಳಿ ಗುಳಿಗೆ ಬಿತ್ತು. ರೊಕ್ಕ ನೆಲಕ್ಕೆ ಬಿದ್ದು ಮುಷ್ಟಿಯಿಂದ ಹುಲ್ಲನ್ನು ಗುದ್ದಿದರು. ಪ್ಲೇಆಫ್‌ನಲ್ಲಿ ಜಾನ್ ಡೇಲಿ ಗೆದ್ದರೂ ಜನರ ನೆನಪಿನಲ್ಲಿ ಉಳಿದಿದ್ದು ಆ ಉರುಳು. ಅಲ್ಲಿ ಹಿನ್ನೆಲೆಯಲ್ಲಿ ಕಡಲಿರಲಿಲ್ಲ. ಊರಿನ ಬೂದುಬಣ್ಣದ ಕಲ್ಲುಕಟ್ಟಡಗಳಿದ್ದವು, ನೆಲದಲ್ಲೊಂದು ಕುಳಿ ಇತ್ತು.

ಐರ್ಲೆಂಡಿನ ಪಶ್ಚಿಮ ಕರಾವಳಿಯ ಲಹಿಂಚ್ ಇನ್ನೂ ಬಲವಾದ ಸಾಕ್ಷಿ. ಅಲ್ಲಿನ ‘ಡೆಲ್’ ಎಂಬ ಐದನೆಯ ಹೋಲ್ ಸುಮಾರು 150 ಗಜ ಉದ್ದದ್ದು. ಮೊದಲ ಹೊಡೆತ ಹೊಡೆಯುವ ಜಾಗವಾದ ಟೀಯಲ್ಲಿ ನಿಂತರೆ ಎದುರಿಗೆ ಹುಲ್ಲು ಮುಚ್ಚಿದ ಎತ್ತರದ ಮರಳುದಿಬ್ಬವೊಂದೇ ಕಾಣುತ್ತದೆ. ಗ್ರೀನ್ ಕಾಣುವುದಿಲ್ಲ, ಬಾವುಟ ಕಾಣುವುದಿಲ್ಲ. ದಿಬ್ಬದ ಮೈಮೇಲೆ ಒಂದು ಬಿಳಿ ಕಲ್ಲಿಟ್ಟಿರುತ್ತಾರೆ. ಅಂದಿನ ಗುಳಿ ಎಲ್ಲಿದೆಯೋ ಅದಕ್ಕೆ ಸರಿಯಾಗಿ ಆ ಕಲ್ಲನ್ನು ಪಕ್ಕಕ್ಕೆ ಸರಿಸುತ್ತಾರೆ. ಆಟಗಾರ ಕಲ್ಲನ್ನು ನೋಡಿ, ಗಾಳಿಯನ್ನು ಕೆನ್ನೆಯಲ್ಲಿ ಅಂದಾಜು ಮಾಡಿ, ಕಾಣದ ಕಡೆಗೆ ಹೊಡೆಯಬೇಕು. ಆಮೇಲೆ ದಿಬ್ಬ ಸುತ್ತಿ ಹೋಗುವಾಗ ಎದೆಯಲ್ಲಿ ಏಳುವ ಕುತೂಹಲವಿದೆಯಲ್ಲ, ಅದನ್ನು ಯಾವ ಬಂಡೆಯಂಚಿನ ಸೂರ್ಯಾಸ್ತವೂ ಕೊಡಲಾರದು. 1860ರಲ್ಲಿ ಮೊದಲ ಓಪನ್ ನಡೆದ ಸ್ಕಾಟ್ಲೆಂಡಿನ ಪ್ರೆಸ್ಟ್‌ವಿಕ್‌ನಲ್ಲೂ ಹೀಗೆಯೇ ‘ಹಿಮಾಲಯಾಸ್’, ‘ಆಲ್ಪ್ಸ್’ ಎಂಬ ಎರಡು ಹೋಲ್‌ಗಳಿವೆ. ದಿಬ್ಬದ ಆಚೆಗೆ ಹೊಡೆದು, ಗ್ರೀನ್ ಖಾಲಿಯಾದ ಮೇಲೆ ಹಿಂದಿನವರಿಗೆ ತಿಳಿಯಲೆಂದು ಗಂಟೆ ಬಾರಿಸುತ್ತಾರೆ. ಏನೂ ಕಾಣದಿರುವುದೇ ಆ ಹೋಲ್‌ಗಳ ಬೆಲೆ. ನೋಟವೇ ಲಿಂಕ್ಸಿನ ಸಾರ ಎನ್ನುವವರು ಈ ಮೂರು ಹೋಲ್‌ಗಳಿಗೆ ಉತ್ತರ ಕೊಡಬೇಕಾಗುತ್ತದೆ.

ಕಣ್ಣಿಗೆ ಮೊದಲು ಕಂಡದ್ದನ್ನು ನಂಬಿ ಮೋಸಹೋದವರ ಸಾಲು ದೊಡ್ಡದು. 1946ರಲ್ಲಿ ಓಪನ್ ಆಡಲು ಬಂದ ಅಮೆರಿಕದ ಸ್ಯಾಮ್ ಸ್ನೀಡ್ ರೈಲಿನ ಕಿಟಕಿಯಿಂದ ಓಲ್ಡ್ ಕೋರ್ಸನ್ನು ನೋಡಿ ಇದ್ಯಾವುದೋ ಪಾಳುಬಿದ್ದ ಗಾಲ್ಫ್ ಮೈದಾನವೆಂದುಕೊಂಡರಂತೆ. ಆ ಪಾಳಿನಲ್ಲೇ ಅವರು ಗೆದ್ದರು. ಅದಕ್ಕೂ ಮೊದಲು, 1921ರಲ್ಲಿ, ಹತ್ತೊಂಬತ್ತರ ಹರೆಯದ ಬಾಬಿ ಜೋನ್ಸ್ ಅಲ್ಲಿನ ಹನ್ನೊಂದನೆಯ ಹೋಲಿನ ಬಂಕರಿನಲ್ಲಿ ಸಿಕ್ಕಿಬಿದ್ದು, ತಾಳ್ಮೆ ಕಳೆದುಕೊಂಡು ಪಂದ್ಯದಿಂದಲೇ ಹೊರನಡೆದಿದ್ದರು. ಆದರೆ ಜೋನ್ಸ್ ಮರಳಿ ಬಂದರು, ಕಲಿತರು. 1927ರಲ್ಲಿ ಅಲ್ಲಿಯೇ ಓಪನ್ ಗೆದ್ದರು. 1958ರಲ್ಲಿ ಸೇಂಟ್ ಆ್ಯಂಡ್ರೂಸ್ ಪಟ್ಟಣ ಅವರಿಗೆ ಗೌರವ ಪೌರತ್ವ ಕೊಟ್ಟಿತು. ಅಮೆರಿಕದವರಲ್ಲಿ ಅವರಿಗಿಂತ ಮೊದಲು ಆ ಗೌರವ ಪಡೆದಿದ್ದವರು ಬೆಂಜಮಿನ್ ಫ್ರಾಂಕ್ಲಿನ್ ಒಬ್ಬರೇ.

ಒಂದು ಮೈದಾನದಿಂದ ಜಗತ್ತು ಏನನ್ನು ಎರವಲು ಪಡೆಯಿತು ಎಂದು ಕೇಳಿದರೂ ಉತ್ತರ ಇದೇ ದಿಕ್ಕಿಗೆ ಹೋಗುತ್ತದೆ. ಸ್ಕಾಟ್ಲೆಂಡಿನ ಉತ್ತರದ ಡೊರ್ನಾಕ್‌ಗೆ ಚೆಂದದ ಕಡಲನೋಟವಿದೆ, ಸಂದೇಹವಿಲ್ಲ. ಅಲ್ಲಿ 1872ರಲ್ಲಿ ಹುಟ್ಟಿದ ಡೊನಾಲ್ಡ್ ರಾಸ್ ಅಮೆರಿಕಕ್ಕೆ ಹೋಗಿ ನಾರ್ತ್ ಕ್ಯಾರೊಲೈನಾದ ಪೈನ್‌ಹರ್ಸ್ಟ್‌ನಲ್ಲಿ ನಂಬರ್ 2 ಮೈದಾನವನ್ನು ಕಟ್ಟಿದರು. ಕಡಲಿಗೂ ಆ ಊರಿಗೂ ನೂರು ಕಿಲೋಮೀಟರಿಗೂ ಹೆಚ್ಚು ದೂರ. ರಾಸ್ ಡೊರ್ನಾಕ್‌ನಿಂದ ಹೊತ್ತು ತಂದಿದ್ದು ದಿಣ್ಣೆಯ ಮೇಲೆ ಕೂತು, ಅಂಚಿನಲ್ಲಿ ಜಾರುವ ಗ್ರೀನಿನ ಕಲ್ಪನೆಯನ್ನು. ಸ್ಕಾಟ್ಲೆಂಡಿನದೇ ಆದ ನಾರ್ತ್ ಬೆರ್ವಿಕ್‌ನ ‘ರೆಡಾನ್’ ಹೋಲಿನ ಕಥೆಯೂ ಅಷ್ಟೇ. ಓರೆಯಾಗಿ ಹಿಂದಕ್ಕೆ ಇಳಿಯುವ ಅದರ ಗ್ರೀನನ್ನು ಒಂದು ಶತಮಾನದಿಂದ ಒಳನಾಡಿನ ಎಷ್ಟೋ ಮೈದಾನಗಳು ನಕಲು ಮಾಡಿವೆ, ಎಲ್ಲ ಕಡೆಯೂ ಅದು ಕೆಲಸ ಮಾಡಿದೆ. ನೋಟವನ್ನು ಯಾರೂ ಹೊತ್ತೊಯ್ಯಲಾರರು. ನೆಲದ ವಿನ್ಯಾಸವನ್ನು ಹೊತ್ತೊಯ್ಯಬಹುದು, ಏಕೆಂದರೆ ಆಟ ಇರುವುದು ಅದರಲ್ಲೇ.

ಹಸಿರಿನ ಹುಚ್ಚನ್ನೂ ಇಲ್ಲಿಯೇ ವಿಚಾರಿಸಬೇಕು, ನೋಟದ ಹುಚ್ಚಿನ ಒಡಹುಟ್ಟು ಅದು. ಅಮೆರಿಕದ ಅಗಸ್ಟ ನ್ಯಾಷನಲ್‌ನಲ್ಲಿ ಪ್ರತಿ ಏಪ್ರಿಲ್‌ನಲ್ಲಿ ನಡೆಯುವ ಮಾಸ್ಟರ್ಸ್ ಪಂದ್ಯಾವಳಿಯನ್ನು ಬಣ್ಣದ ಟಿವಿಯಲ್ಲಿ ನೋಡಿದ ಮೇಲೆ, ಒಂದು ಎಸಳೂ ಬಾಡದ ಹಸಿರೇ ಒಳ್ಳೆಯ ಮೈದಾನದ ಲಕ್ಷಣವೆಂದು ಜಗತ್ತು ನಂಬಿತು. ಬಾಬಿ ಜೋನ್ಸ್ ಮತ್ತು ವಿನ್ಯಾಸಕಾರ ಅಲಿಸ್ಟರ್ ಮೆಕೆಂಝಿ ಆ ಮೈದಾನವನ್ನು ಕಟ್ಟಿದ್ದು ಸೇಂಟ್ ಆ್ಯಂಡ್ರೂಸಿನ ಪ್ರೇರಣೆಯಿಂದ, ಟೀಯಿಂದ ಗ್ರೀನಿನವರೆಗೆ ಅಗಲವಾದ ಫೇರ್‌ವೇ, ಬೆರಳೆಣಿಕೆಗಿಂತ ಸ್ವಲ್ಪ ಹೆಚ್ಚು ಬಂಕರ್, ಉರುಳುವ ಚೆಂಡಿಗೆ ಅವಕಾಶ ಎಂಬ ಆಲೋಚನೆಯಿಂದ. ಆ ಆಲೋಚನೆಯನ್ನು ಮರೆತು ಬಣ್ಣವನ್ನಷ್ಟೇ ಎಲ್ಲರೂ ಹಿಡಿದರು. ನಮ್ಮಲ್ಲೂ ಗಾಲ್ಫ್ ಅಂದಕೂಡಲೇ ಜನ ಕೇಳುವ ಮೊದಲ ಪ್ರಶ್ನೆ ನೀರಿನದು. ನೀರಿಗೆ ತತ್ವಾರವಿರುವ ಊರಿನಲ್ಲಿ ಆ ಪ್ರಶ್ನೆ ನ್ಯಾಯವಾದದ್ದೇ. ಆದರೆ ಆ ದಾಹ ಆಟದ್ದಲ್ಲ. ಅದು ಬಣ್ಣದ ದಾಹ.

ಪುರಾವೆ ಬೇಕಿದ್ದರೆ ಇಂಗ್ಲೆಂಡಿನ ಹೊಯ್ಲೇಕ್‌ನ 2006ರ ಓಪನ್ ಇದೆ. ಆ ಬೇಸಿಗೆಯ ಬಿಸಿಲಿಗೆ ಅಲ್ಲಿನ ರಾಯಲ್ ಲಿವರ್‌ಪೂಲ್ ಮೈದಾನ ಸುಟ್ಟ ರೊಟ್ಟಿಯ ಬಣ್ಣಕ್ಕೆ ತಿರುಗಿತ್ತು. ಓಪನ್ ನಡೆಸುವವರು ಅದನ್ನು ಹಸಿರು ಮಾಡಲು ಹೋಗಲಿಲ್ಲ. ಗಟ್ಟಿ ನೆಲದಲ್ಲಿ ಚೆಂಡು ಓಡುತ್ತಲೇ ಹೋಗುವುದನ್ನು ಕಂಡ ಟೈಗರ್ ವುಡ್ಸ್ ನಾಲ್ಕೂ ದಿನಗಳಲ್ಲಿ ಸೇರಿ ಅತಿ ದೂರ ಹೊಡೆಯುವ ಡ್ರೈವರ್ ಕೋಲನ್ನು ಹೊರತೆಗೆದದ್ದು ಒಂದೇ ಸಲ. ಉಳಿದಂತೆ ಐರನ್ ಎಂಬ ಕಡಿಮೆ ದೂರದ ಕೋಲು ಹಿಡಿದು, ಚೆಂಡನ್ನು ತಗ್ಗಿನಲ್ಲಿ ಓಡಿಸಿ, ಬಂಕರುಗಳಿಗಿಂತ ಹಿಂದೆಯೇ ನಿಲ್ಲಿಸಿ ಆಡಿದರು. ಎರಡನೆಯ ದಿನ ಹದಿನಾಲ್ಕನೆಯ ಹೋಲಿನಲ್ಲಿ 200 ಗಜಕ್ಕೂ ದೂರದಿಂದ 4-ಐರನ್ನಿನಲ್ಲಿ ಹೊಡೆದ ಚೆಂಡು ನೇರ ಗುಳಿಗೆ ಹೋಯಿತು. ನಿಗದಿತ ಹೊಡೆತಗಳ ಲೆಕ್ಕವಾದ ಪಾರ್‌ಗಿಂತ 18 ಕಡಿಮೆ ಹೊಡೆತಗಳಲ್ಲಿ ಗೆದ್ದರು. ತನ್ನ ಕಾಲದ ಅತಿ ಬಲಿಷ್ಠ ಹೊಡೆತಗಾರನನ್ನು ಅತಿ ವಿವೇಕಿ ಆಟಗಾರನಾಗಿಸಿದ್ದು ಆ ಕಂದು ನೆಲ. ಮೂರು ವರ್ಷದ ಬಳಿಕ ಸ್ಕಾಟ್ಲೆಂಡಿನ ಟರ್ನ್‌ಬೆರಿಯಲ್ಲಿ 59 ವರ್ಷದ ಟಾಮ್ ವಾಟ್ಸನ್ ಓಪನ್ ಗೆಲ್ಲಲು ಒಂದೇ ಹೊಡೆತದಷ್ಟು ಹತ್ತಿರ ಬಂದು ಪ್ಲೇಆಫ್‌ನಲ್ಲಿ ಸೋತರು. ತೋಳ್ಬಲವೇ ಎಲ್ಲವಾದ ಮೆತ್ತನೆಯ ಮೈದಾನದಲ್ಲಿ ಆ ವಯಸ್ಸಿನವರಿಗೆ ಇಂಥ ಅವಕಾಶ ಸಿಗುತ್ತಿರಲಿಲ್ಲ. ಅದೇ ಹೊಯ್ಲೇಕ್‌ನಲ್ಲಿ 2023ರಲ್ಲಿ ಭಾರತದ ಶುಭಂಕರ್ ಶರ್ಮಾ ಜಂಟಿ ಎಂಟನೆಯ ಸ್ಥಾನ ಪಡೆದರು. ಬೆಂಗಳೂರಿನ ಅದಿತಿ ಅಶೋಕ್ 2015ರಲ್ಲಿ, ಇನ್ನೂ ಹವ್ಯಾಸಿ ಆಟಗಾರ್ತಿಯಾಗಿದ್ದಾಗ, ಸೇಂಟ್ ಆ್ಯಂಡ್ರೂಸಿನಲ್ಲಿ ಸೇಂಟ್ ರೂಲ್ ಟ್ರೋಫಿ ಗೆದ್ದರು. ದೂರ ಹೊಡೆಯುವುದಕ್ಕಿಂತ ನಿಖರತೆಗೆ, ಪಟರ್ ಕೌಶಲಕ್ಕೆ ಹೆಸರಾದ ಆಟ ಅವರದು. ಲಿಂಕ್ಸ್ ಅಂಥವರಿಗೆ ಕೈಕೊಡುವುದಿಲ್ಲ.

ಓಲ್ಡ್ ಕೋರ್ಸಿಗೂ ಕಡಲಿಗೂ ನಡುವೆ ಇನ್ನೆರಡು ಕೋರ್ಸುಗಳಿವೆ, 1895ರ ನ್ಯೂ ಮತ್ತು 1897ರ ಜ್ಯುಬಿಲಿ. ಜಗತ್ತಿನ ಅತಿ ಪ್ರಸಿದ್ಧ ಮೈದಾನ ಅಲೆಯಂಚಿನಿಂದ ಮೂರನೆಯ ಸಾಲಿನಲ್ಲಿದೆ. ಅದನ್ನು ನಡೆಸುವ ಟ್ರಸ್ಟೇ 2008ರಲ್ಲಿ ಊರಾಚೆಯ ಕೃಷಿಭೂಮಿಯಲ್ಲಿ, ಕಡಲಿಗೆ ಮುಖ ಮಾಡಿದ ಎತ್ತರದಲ್ಲಿ ‘ಕ್ಯಾಸಲ್ ಕೋರ್ಸ್’ ತೆರೆಯಿತು. ಊರೂ ಕಡಲೂ ಒಟ್ಟಿಗೆ ಕಾಣುವ ನೋಟ ಅಲ್ಲಿಯದು. ಆದರೂ ದೇಶವಿದೇಶಗಳಿಂದ ಬಂದವರು 2024ರವರೆಗೆ ಬೆಳಗಿನ ಜಾವದ ಕತ್ತಲಲ್ಲಿ ಸಾಲು ನಿಲ್ಲುತ್ತಿದ್ದುದು, ಈಗಲೂ ಚೀಟಿ ಎತ್ತುವಾಗ ಹೆಸರು ಬರಲಿ ಎಂದು ಹರಕೆ ಹೊರುವುದು ಓಲ್ಡ್ ಕೋರ್ಸಿಗೆ.

ಅಲ್ಲಿನ ಇನ್ನೊಂದು ಸಂಗತಿಯನ್ನು ಪ್ರವಾಸಿ ಪುಸ್ತಿಕೆಗಳು ಕೌತುಕದ ಸುದ್ದಿಯಾಗಿ ಒಂದು ಸಾಲಿನಲ್ಲಿ ಮುಗಿಸುತ್ತವೆ. ಭಾನುವಾರ ಅಲ್ಲಿ ಆಟವಿಲ್ಲ. ಓಪನ್‌ನಂಥ ಕೆಲವು ಪಂದ್ಯಾವಳಿಗಳನ್ನು ಬಿಟ್ಟರೆ ಅಂದು ಮೈದಾನ ಊರಿನವರದು. ನಾಯಿ ಕರೆದುಕೊಂಡು ಬರುತ್ತಾರೆ, ಮಕ್ಕಳು ಓಡುತ್ತಾರೆ, ಮುದುಕರು ಸ್ವಿಲ್ಕನ್ ಸೇತುವೆಯ ಕಲ್ಲಿಗೊರಗಿ ಮಾತಾಡುತ್ತಾರೆ. ವಾರದ ದಿನಗಳಲ್ಲೂ ಮೊದಲ ಮತ್ತು ಕೊನೆಯ ಫೇರ್‌ವೇಗಳನ್ನು ಅಡ್ಡಹಾಯುವ ಗ್ರ್ಯಾನಿ ಕ್ಲಾರ್ಕ್ಸ್ ವೈಂಡ್ ಎಂಬ ದಾರಿಯಲ್ಲಿ ಜನ ಓಡಾಡುತ್ತಾರೆ, ಆಟಗಾರ ಕಾಯುತ್ತಾನೆ. ಈ ಹಕ್ಕು ಬಿಟ್ಟಿ ಸಿಕ್ಕಿದ್ದಲ್ಲ. 1552ರಲ್ಲಿ ಆರ್ಚ್‌ಬಿಷಪ್ ಜಾನ್ ಹ್ಯಾಮಿಲ್ಟನ್ ಸನದು ಬರೆದುಕೊಟ್ಟಾಗಲೇ ಅಲ್ಲಿ ಗಾಲ್ಫ್, ಫುಟ್‌ಬಾಲ್ ಆಡುವ ಜನರ ಹಕ್ಕು ದಾಖಲಾಯಿತು. 1797ರಲ್ಲಿ ಪುರಸಭೆ ದಿವಾಳಿಯೆದ್ದು ಜಾಗ ಮಾರಿತು, ಕೊಂಡ ವ್ಯಾಪಾರಿಗಳು ಅಲ್ಲಿ ಮೊಲ ಸಾಕಿದರು. ಗಾಲ್ಫ್ ಆಡುವವರಿಗೂ ಮೊಲದವರಿಗೂ ವರ್ಷಾನುಗಟ್ಟಲೆ ಹೊಡೆದಾಟ, ಕೋರ್ಟು ಕಚೇರಿ ನಡೆಯಿತು. 1821ರಲ್ಲಿ ಪಕ್ಕದ ಜಮೀನ್ದಾರ ಜೇಮ್ಸ್ ಚೀಪ್ ಆ ನೆಲ ಕೊಂಡು ಆಟಕ್ಕೆ ಉಳಿಸಿದರು. 1894ರಲ್ಲಿ ಪಾರ್ಲಿಮೆಂಟಿನ ಕಾಯ್ದೆಯ ಮೂಲಕ ಪಟ್ಟಣ ಅದನ್ನು ಮರಳಿ ಪಡೆಯಿತು. 1974ರಿಂದ ಕಾಯ್ದೆಯಡಿ ರಚಿತವಾದ ಟ್ರಸ್ಟು ನೋಡಿಕೊಳ್ಳುತ್ತಿದೆ. ಊರಿನವರು ಕೆಲವು ನೂರು ಪೌಂಡಿನ ವಾರ್ಷಿಕ ಟಿಕೆಟ್ಟಿನಲ್ಲಿ ವರ್ಷವಿಡೀ ಆಡುತ್ತಾರೆ. ಇಂಗ್ಲೆಂಡಿನ ನೈರುತ್ಯದಲ್ಲಿ, 1864ರಲ್ಲಿ ಶುರುವಾದ ರಾಯಲ್ ನಾರ್ತ್ ಡೆವನ್ ಮೈದಾನ ಇರುವುದೂ ಊರ ಸಾಮಾನ್ಯ ನೆಲದಲ್ಲೇ. ಅಲ್ಲಿ ಕುರಿ, ಕುದುರೆಗಳಿಗೆ ಮೇಯುವ ಹಕ್ಕಿದೆ.

ನೋಟವನ್ನು ಮಾರುವವರಿಗೆ ಇಂಥ ವ್ಯವಸ್ಥೆ ಒಗ್ಗುವುದಿಲ್ಲ. ಹಂಚಿಕೊಂಡರೆ ನೋಟದ ಬೆಲೆ ಇಳಿಯುತ್ತದೆ, ಆದ್ದರಿಂದ ಮೊದಲು ಬೇಲಿ ಬೇಕು. ಕ್ಯಾಲಿಫೋರ್ನಿಯಾದ ಪೆಬಲ್ ಬೀಚ್ 1919ರಿಂದ ಬಂಡೆಯಂಚಿನಲ್ಲಿರುವ ಮೈದಾನ. ಅದರ ಹೆಸರಿನಲ್ಲೂ ಲಿಂಕ್ಸ್ ಎಂಬ ಮಾತಿದೆ, ಮರಳುದಿಬ್ಬದ ಗುಣ ಅದಕ್ಕಿಲ್ಲ. ಅಲ್ಲಿನ ಪುಟ್ಟ ಏಳನೆಯ ಹೋಲ್ ನಿಜಕ್ಕೂ ಒಳ್ಳೆಯದು, ಅದನ್ನು ಅಲ್ಲಗಳೆಯಬೇಕಿಲ್ಲ. ಆದರೆ ಒಂದು ಸುತ್ತಿಗೆ 600 ಡಾಲರಿಗೂ ಹೆಚ್ಚು ತೆರಬೇಕು. ದೀಪಸ್ತಂಭದ ಚಿತ್ರಕ್ಕೆ ಹೆಸರಾದ ಟರ್ನ್‌ಬೆರಿಯಲ್ಲಿ, ಅಲ್ಲಿನ ಹೋಟೆಲಿನಲ್ಲಿ ತಂಗದವರು ಬೆಳಗಿನ ಹೊತ್ತು ಆಡಲು 1000 ಪೌಂಡ್ ಕೊಡಬೇಕೆಂಬ ದರ 2025ರ ಹಂಗಾಮಿಗೆ ಪ್ರಕಟವಾಯಿತು. ಎರಡನೆಯ ಮಹಾಯುದ್ಧದಲ್ಲಿ ವಿಮಾನದ ರನ್‌ವೇಗೆಂದು ಕಾಂಕ್ರೀಟು ಸುರಿದಿದ್ದ ಆ ನೆಲವನ್ನು ಮತ್ತೆ ಆಟಕ್ಕೆ ತಂದು 1951ರಲ್ಲಿ ತೆರೆದಾಗ ಯಾರ ಮನಸ್ಸಿನಲ್ಲೂ ಇಂಥ ದರ ಇದ್ದಿರಲಾರದು. ಓಲ್ಡ್ ಕೋರ್ಸಿನಲ್ಲೂ ಹೊರಗಿನವರ ದರ 2024ರಲ್ಲಿ 320 ಪೌಂಡ್ ಮುಟ್ಟಿತ್ತು, ಅದೂ ದುಬಾರಿಯೇ. ಆದರೆ ಆ ಹಣ ಊರಿನ ನೆಲದ ನಿರ್ವಹಣೆಗೆ ಹೋಗುತ್ತದೆ, ಊರಿನವರ ಆಟವನ್ನು ಅಗ್ಗವಾಗಿಡುತ್ತದೆ.

ಇಷ್ಟಕ್ಕೇ ನಿಂತಿದ್ದರೆ ಹಣವಂತರ ಖಯಾಲಿ ಎಂದು ಸುಮ್ಮನಿರಬಹುದಿತ್ತು. ನಿಲ್ಲಲಿಲ್ಲ.

ಸ್ಕಾಟ್ಲೆಂಡಿನ ಅಬರ್ಡೀನ್‌ಷೈರಿನ ಮೆನಿ ಎಂಬಲ್ಲಿ ಫೋವೆರನ್ ಲಿಂಕ್ಸ್ ಎಂಬ ಮರಳುಪ್ರದೇಶವಿತ್ತು. ಗಾಳಿಯ ಜೊತೆ ಜಾಗ ಬದಲಿಸುತ್ತ ಸಾಗುವ ದೊಡ್ಡ ಮರಳಿನ ರಾಶಿ ಅದರ ವಿಶೇಷ. ಬ್ರಿಟನ್ನಿನಲ್ಲಿ ಅಂಥವು ಉಳಿದಿರುವುದೇ ಕೆಲವು. ವೈಜ್ಞಾನಿಕ ಮಹತ್ವದ ತಾಣವೆಂದು ಅದಕ್ಕೆ ಕಾನೂನಿನ ರಕ್ಷಣೆಯಿತ್ತು. ಡೊನಾಲ್ಡ್ ಟ್ರಂಪ್ ಅಲ್ಲಿ ನೂರು ಕೋಟಿ ಪೌಂಡಿನ ರೆಸಾರ್ಟು, 450 ಕೊಠಡಿಯ ಹೋಟೆಲು, ನೂರಾರು ಮನೆ, 6000 ಉದ್ಯೋಗದ ಮಾತಾಡಿದರು. 2007ರ ನವೆಂಬರಿನಲ್ಲಿ ಸ್ಥಳೀಯ ಕೌನ್ಸಿಲಿನ ಸಮಿತಿ ಅಧ್ಯಕ್ಷರ ನಿರ್ಣಾಯಕ ಮತದಿಂದ ಯೋಜನೆಯನ್ನು ತಿರಸ್ಕರಿಸಿತು. ಸ್ಕಾಟಿಷ್ ಸರ್ಕಾರ ಕಡತವನ್ನು ತನ್ನ ಕೈಗೆ ತೆಗೆದುಕೊಂಡು 2008ರಲ್ಲಿ ಒಪ್ಪಿಗೆ ಕೊಟ್ಟಿತು. ರಾಷ್ಟ್ರದ ಆರ್ಥಿಕ ಹಿತ ಎಂಬ ಕಾರಣ ಮುಂದಿಟ್ಟಿತು. 2012ರಲ್ಲಿ ಮೊದಲ ಕೋರ್ಸ್ ತೆರೆಯಿತು. ಎರಡನೆಯದು ತೆರೆಯಲು 2025 ಬರಬೇಕಾಯಿತು. ಹೇಳಿದ ದೊಡ್ಡ ಹೋಟೆಲು ಏಳಲಿಲ್ಲ, ಸಾವಿರಾರು ಉದ್ಯೋಗವೂ ಬರಲಿಲ್ಲ.

ಮರಳಿಗೆ ಏನಾಯಿತು? ಚಲಿಸುವ ರಾಶಿಯ ಮೇಲೆ ಮ್ಯಾರಮ್ ಹುಲ್ಲು ನೆಟ್ಟು ಅದನ್ನು ಅಲುಗಾಡದಂತೆ ಕಟ್ಟಿಹಾಕಿದರು. ಗ್ರೀನಿನ ಮೇಲೆ ಮರಳು ಹಾರಿ ಬರುತ್ತಿದ್ದರೆ ದುಬಾರಿ ಗಿರಾಕಿಗೆ ತೊಂದರೆಯಲ್ಲವೆ? ದಿಬ್ಬಗಳನ್ನು ಸ್ಥಿರಗೊಳಿಸಿ ಪರಿಸರಕ್ಕೆ ಉಪಕಾರ ಮಾಡಿದ್ದೇವೆಂದು ಮಾಲೀಕರು ಹೇಳಿಕೊಂಡರು. ಈ ಮಾತನ್ನು ಎಷ್ಟೋ ಒಳ್ಳೆಯ ಗಾಲ್ಫ್ ಪ್ರಿಯರೂ ನಂಬುತ್ತಾರೆ, ಗಾಲ್ಫ್ ಬಂದರೆ ದಿಬ್ಬ ಉಳಿಯುತ್ತದೆ ಎಂದು. ಆದರೆ ಅಲ್ಲಿ ಕಾಪಾಡಬೇಕಿದ್ದದ್ದೇ ಆ ಚಲನೆ. ಮರಳು ಸರಿದಾಗ ಬರಿದಾಗುವ ತಗ್ಗಿನಲ್ಲಿ ನೀರು ನಿಲ್ಲುತ್ತದೆ, ಹೊಸ ಪಾಚಿ, ಹೊಸ ಸಸ್ಯ, ಹೊಸ ಕೀಟ ಬರುತ್ತವೆ, ಹಳೆಯ ದಿಬ್ಬದ ಮೇಲೆ ಇನ್ನೊಂದು ಹಂತದ ಜೀವ ಬೆಳೆಯುತ್ತದೆ. ಚಲನೆ ನಿಂತರೆ ಆ ಸರಪಣಿ ಕಡಿಯುತ್ತದೆ. 2020ರ ಡಿಸೆಂಬರಿನಲ್ಲಿ ಸ್ಕಾಟ್ಲೆಂಡಿನ ಪ್ರಕೃತಿ ರಕ್ಷಣೆಯ ನೇಚರ್‌ಸ್ಕಾಟ್ ಸಂಸ್ಥೆ ಫೋವೆರನ್ ಲಿಂಕ್ಸಿನ ರಕ್ಷಿತ ಸ್ಥಾನಮಾನವನ್ನು ಹಿಂತೆಗೆದುಕೊಂಡಿತು. ಯಾವುದಕ್ಕಾಗಿ ರಕ್ಷಣೆ ಕೊಟ್ಟಿದ್ದರೋ ಅದು ಅಲ್ಲಿ ಉಳಿದಿರಲಿಲ್ಲ.

ಅದೇ ಮಾಲೀಕರು ಹತ್ತಿರದ ಕಡಲಿನಲ್ಲಿ 11 ಗಾಳಿಯಂತ್ರಗಳ ಯೋಜನೆ ಬಂದಾಗ ಮೈದಾನದ ನೋಟ ಕೆಡುತ್ತದೆಂದು ಎದ್ದುನಿಂತರು. ಕೋರ್ಟು ಮೆಟ್ಟಿಲು ಹತ್ತಿ ಬ್ರಿಟನ್ನಿನ ಸುಪ್ರೀಂ ಕೋರ್ಟಿನವರೆಗೂ ಹೋದರು. 2015ರ ಡಿಸೆಂಬರಿನಲ್ಲಿ ನ್ಯಾಯಾಧೀಶರು ಸರ್ವಾನುಮತದಿಂದ ಅವರ ಮೇಲ್ಮನವಿಯನ್ನು ತಳ್ಳಿಹಾಕಿದರು. ಗಾಳಿಯಂತ್ರಗಳು 2018ರಿಂದ ತಿರುಗುತ್ತಿವೆ. ಫೇರ್‌ವೇಯಲ್ಲಿ ಚೆಂಡು ಮೊದಲು ಹೇಗೆ ಉರುಳುತ್ತಿತ್ತೋ ಈಗಲೂ ಹಾಗೆಯೇ ಉರುಳುತ್ತದೆ. ಸಾವಿರಾರು ಮನೆಗಳ ವಿದ್ಯುತ್ತಿಗಿಂತ ದಿಗಂತದ ಒಂದು ಗೆರೆ ಮುಖ್ಯವೆಂದು ಕೋರ್ಟಿನಲ್ಲಿ ವಾದಿಸಲು ಸಾಧ್ಯವಾದದ್ದು ಗಾಲ್ಫ್ ಅಂದರೆ ನೋಟ ಎಂದು ಲೋಕವೆಲ್ಲ ಮೊದಲೇ ಒಪ್ಪಿಕೊಂಡಿದ್ದರಿಂದ.

ಐರ್ಲೆಂಡಿನ ಡೂನ್‌ಬೆಗ್‌ನಲ್ಲಿ ಇದರ ಇನ್ನೊಂದು ಮುಖ ಕಂಡಿತು. 2014ರಲ್ಲಿ ಟ್ರಂಪ್ ಸಂಸ್ಥೆ ಕೊಂಡ ಆ ಮೈದಾನದ ಅಂಚನ್ನು ಅಟ್ಲಾಂಟಿಕ್ ಕಡಲು ಕೊರೆಯುತ್ತಿತ್ತು. ದಿಬ್ಬದ ಬುಡಕ್ಕೆ ಬಂಡೆಗಳ ಗೋಡೆ ಕಟ್ಟಲು 2016ರಲ್ಲಿ ಅರ್ಜಿ ಹೋಯಿತು. ಕಡಲಮಟ್ಟದ ಏರಿಕೆಯೂ ಕಾರಣವೆಂದು ಆ ಅರ್ಜಿಯ ಜೊತೆಗಿದ್ದ ಕಾಗದಗಳು ಹೇಳಿದವು. ಅಲೆ ಸವಾರರು, ಪರಿಸರದವರು ವಿರೋಧಿಸಿದರು. ಗೋಡೆ ಕಟ್ಟಿದರೆ ಕಡಲಿಗೂ ದಿಬ್ಬಕ್ಕೂ ನಡೆಯುವ ಮರಳಿನ ಕೊಡುಕೊಳೆ ನಿಲ್ಲುತ್ತದೆ, ಮುಂದಿನ ಮರಳುತೀರ ಸವೆಯುತ್ತದೆ. ಯೋಜನೆ ಚಿಕ್ಕದಾಗಿ ಮರಳಿ ಬಂದು ಕೌಂಟಿಯ ಒಪ್ಪಿಗೆ ಪಡೆದರೂ 2020ರಲ್ಲಿ ಐರ್ಲೆಂಡಿನ ಯೋಜನಾ ಮೇಲ್ಮನವಿ ಮಂಡಳಿ ನಿರಾಕರಿಸಿತು. ಹಳೆಯ ಲಿಂಕ್ಸಿನವರು ಕಡಲು ಬಂದಾಗ ಟೀಯನ್ನು ಹಿಂದಕ್ಕೆ ಸರಿಸಿಕೊಂಡರು, ಹೋಲನ್ನು ಬದಲಿಸಿಕೊಂಡರು. ಸ್ಕಾಟ್ಲೆಂಡಿನ ಮೊಂಟ್ರೋಸ್‌ನವರಿಗೆ ಇಂದಿಗೂ ಅದನ್ನೇ ಮಾಡಬೇಕಾಗಿ ಬಂದಿದೆ. ಅಲೆಯಂಚನ್ನೇ ಮಾರಾಟಕ್ಕಿಟ್ಟವರಿಗೆ ಹಿಂದೆ ಸರಿಯುವುದು ಎಂದರೆ ಸರಕನ್ನೇ ಕಳೆದುಕೊಂಡಂತೆ.

ಎದುರುವಾದದಲ್ಲಿ ಬಲವಾದದ್ದು ಅಮೆರಿಕದ ಓರೆಗಾನ್ ರಾಜ್ಯದ ಬ್ಯಾಂಡನ್ ಡ್ಯೂನ್ಸ್. ಮೈಕ್ ಕೈಸರ್ 1999ರಲ್ಲಿ ತೆರೆದ ಆ ತಾಣದಲ್ಲಿ ನೋಟವೂ ಇದೆ, ಆಟವೂ ಇದೆ, ಯಾರು ಬೇಕಾದರೂ ಹಣ ಕೊಟ್ಟು ಆಡಬಹುದು. ಮರಳುನೆಲ, ಫೆಸ್ಕ್ಯೂ ಹುಲ್ಲು, ಗಾಡಿಯಿಲ್ಲದೆ ನಡೆದೇ ಆಡಬೇಕೆಂಬ ನಿಯಮ. ಮೂಲೆಯ ಒಂದು ಬಡ ಊರಿಗೆ ಅದು ಕೆಲಸ ತಂದಿದ್ದೂ ನಿಜ. ನೋಟವಿದ್ದ ಮಾತ್ರಕ್ಕೆ ಮೈದಾನ ಕೆಟ್ಟದ್ದೆಂದು ಈ ಲೇಖನ ಹೇಳುತ್ತಿಲ್ಲ. ಬ್ಯಾಂಡನ್ ಗೆದ್ದದ್ದು ಗಟ್ಟಿ ನೆಲದಿಂದ, ಗಾಳಿಯಿಂದ, ನಡಿಗೆಯಿಂದ. ಅದರ ಯಶಸ್ಸನ್ನು ಕಂಡವರು ಮಾತ್ರ ಇನ್ನಷ್ಟು ಕಡಲಂಚು ಹುಡುಕಿಕೊಂಡು ಹೊರಟರು. ಕೈಸರ್ ಅವರೂ ಅವರಲ್ಲೊಬ್ಬರಾದರು ಎಂಬುದು ದುಃಖದ ಸಂಗತಿ.

ಅವರು ಹುಡುಕಿಕೊಂಡದ್ದು ಡೊರ್ನಾಕ್‌ನ ಪಕ್ಕದ ಎಂಬೋ ಹಳ್ಳಿಯ ಕೌಲ್ ಲಿಂಕ್ಸನ್ನು. ಹೆಸರಾಂತ ವಿನ್ಯಾಸಕಾರ ಬಿಲ್ ಕೂರ್ ನಕ್ಷೆ ಹಾಕಲು ಒಪ್ಪಿದರು. ಆ ದಿಬ್ಬಗಳಿಗೆ ಅಂತರರಾಷ್ಟ್ರೀಯ ಮಟ್ಟದ ಜೌಗುಭೂಮಿ ರಕ್ಷಣೆಯೂ ಸೇರಿ ಹಲವು ರಕ್ಷಣೆಗಳಿವೆ. ಫೊನ್ಸೆಕಾ ಬೀಜನೊಣ ಎಂಬ ಸಣ್ಣ ಕೀಟ ಇಡೀ ಜಗತ್ತಿನಲ್ಲಿ ಕಂಡುಬಂದಿರುವುದು ಆ ಕರಾವಳಿಯ ಕೆಲವು ಕಿಲೋಮೀಟರ್ ಉದ್ದದಲ್ಲಿ ಮಾತ್ರ. 2018ರಲ್ಲಿ ಹೈಲ್ಯಾಂಡ್ ಕೌನ್ಸಿಲ್ ಒಪ್ಪಿತು, ವಿಚಾರಣೆ ನಡೆಯಿತು, 2020ರ ಫೆಬ್ರವರಿಯಲ್ಲಿ ಸ್ಕಾಟಿಷ್ ಸಚಿವರು ಬೇಡವೆಂದರು. ಆದರೂ ಊರಿನವರು ತಮ್ಮದೇ ಒಂದು ಸಂಘ ಕಟ್ಟಿಕೊಂಡರು, ಬದಲಾದ ನಕ್ಷೆಯೊಡನೆ ಅರ್ಜಿ ಮರಳಿ ಬಂತು. 2023ರ ಡಿಸೆಂಬರಿನಲ್ಲಿ ಕೌನ್ಸಿಲ್ ಮತ್ತೆ ಒಪ್ಪಿತು, ಸರ್ಕಾರ ಮತ್ತೆ ಕಡತವನ್ನು ತರಿಸಿಕೊಂಡಿತು.

ಯುವಕರು ಊರು ಬಿಡುತ್ತಿದ್ದಾರೆ, ಕೆಲಸವಿಲ್ಲ ಎಂಬ ಅಲ್ಲಿನವರ ಅಳಲು ಸುಳ್ಳಲ್ಲ, ಅದಕ್ಕೆ ಕಿವಿಗೊಡಬೇಕು. ಆದರೆ ಆ ಹಳ್ಳಿಯಿಂದ ಸ್ವಲ್ಪ ಹೊತ್ತಿನ ಕಾರು ಪ್ರಯಾಣದೊಳಗೆ ಡೊರ್ನಾಕ್ ಇದೆ, ಗೋಲ್ಸ್‌ಪಿ ಇದೆ, ಬ್ರೋರಾ ಇದೆ, ಹಳೆಯ ಕಾಲದ ವಿನ್ಯಾಸಕಾರ ಓಲ್ಡ್ ಟಾಮ್ ಮೋರಿಸ್ ಕೈಯಾಡಿಸಿದ ಟೇನ್ ಇದೆ. ನಾಲ್ಕಕ್ಕೂ ನೂರು ವರ್ಷ ದಾಟಿದ ಚರಿತ್ರೆ, ಒಗ್ಗಿದ ಹುಲ್ಲು, ಉರುಳುವ ನೆಲ. ಪ್ರವಾಸಿ ಪತ್ರಿಕೆಗಳ ಪುಟದಲ್ಲಿ ಡೊರ್ನಾಕ್ ಒಂದನ್ನು ಬಿಟ್ಟರೆ ಉಳಿದ ಮೂರಕ್ಕೆ ಸಿಗುವ ಜಾಗ ಅತ್ಯಲ್ಪ. ಡೊರ್ನಾಕ್ ನೋಡಲು ಬಂದವನನ್ನು ಇನ್ನೆರಡು ದಿನ ನಿಲ್ಲಿಸಿಕೊಂಡು ಟೇನ್‌ಗೂ ಗೋಲ್ಸ್‌ಪಿಗೂ ಬ್ರೋರಾಕ್ಕೂ ಕಳಿಸಿದರೆ ಊಟ, ವಸತಿ, ಕ್ಯಾಡಿ ಕೆಲಸ ಎಲ್ಲವೂ ಅದೇ ಊರುಗಳಿಗೆ ಸಿಗುತ್ತದೆ, ಒಂದು ದಿಬ್ಬವನ್ನೂ ಮುಟ್ಟಬೇಕಿಲ್ಲ. ಐದನೆಯ ಮೈದಾನಕ್ಕೆ ಒಪ್ಪಿಗೆ ಕೇಳುವವರು, ಅದನ್ನು ಕೊಡುವವರು, ಅದರ ಚಿತ್ರ ಅಚ್ಚು ಹಾಕಲು ಕಾಯುತ್ತಿರುವ ಪತ್ರಿಕೆಗಳವರು ಮೊದಲು ಈ ನಾಲ್ಕು ಕಡೆ ಆಡಿ ಬರಲಿ. ಆ ಬಳಿಕ ಫೊನ್ಸೆಕಾ ನೊಣದ ನೆಲದಲ್ಲಿ ಮಾತ್ರ ಸಿಗುವ ಯಾವ ಹೊಡೆತ ತಮಗೆ ಕಡಿಮೆಯಾಯಿತು ಎಂಬುದನ್ನು ಅರ್ಜಿಯಲ್ಲಿ ಬರೆದು ತೋರಿಸಲಿ.